ಅಲ್ಯೂಮಿನಿಯಂ ದೋಣಿಗೆ ನೀರು ಬರುತ್ತಿದ್ದರೆ: ತೂತು ಹುಡುಕುವ ಬಗೆ

ನಾನೊಬ್ಬನೇ ಹೋದಾಗ ದೋಣಿಯ ತಳ ಒಣಗಿಯೇ ಇರುತ್ತಿತ್ತು. ಮನೆಯವರನ್ನೆಲ್ಲ ಕೂರಿಸಿಕೊಂಡು ಹೋದ ದಿನ ಮಾತ್ರ ಕಾಲಡಿಯ ಹಲಗೆಯ ಕೆಳಗೆ ನೀರು ಗುಳುಗುಳು ಅನ್ನುತ್ತಿತ್ತು. ಸೋರಲು ಶುರುವಾದ ದಿನದಿಂದಲೂ ದೋಣಿ ಹೇಳುತ್ತಿದ್ದದ್ದು ಇದೊಂದೇ ಮಾತು. ಅದನ್ನು ಕೇಳಿಸಿಕೊಳ್ಳಲು ನನಗೆ ಎರಡು ಸೀಸನ್ ಹಿಡಿಯಿತು. ಅಷ್ಟರಲ್ಲಿ ಕಂಡಕಂಡ ಕಡೆಗೆಲ್ಲ ಸೀಲಂಟ್ (ಸಂದಿ ಮುಚ್ಚುವ ಅಂಟು) ಬಳಿದಾಗಿತ್ತು. ನೀರು ಮಾತ್ರ ಬರುತ್ತಲೇ ಇತ್ತು.

ನಮ್ಮದು 14 ಅಡಿಯ, ತಗಡುಗಳನ್ನು ರಿವೆಟ್ (ಎರಡು ಕಡೆಯಿಂದ ಬಡಿದು ಬಿಗಿಯುವ ಲೋಹದ ಮೊಳೆ) ಹೊಡೆದು ಕೂಡಿಸಿದ ಹಳೆಯ ಅಲ್ಯೂಮಿನಿಯಂ ದೋಣಿ. ಹಿಂದೆ ಕೈಯಿಂದ ಹಗ್ಗ ಎಳೆದು ಶುರು ಮಾಡುವ ಸಣ್ಣ ಔಟ್‌ಬೋರ್ಡ್ ಮೋಟರ್ ಇದೆ. ಅಂಕೋಲೆಯಿಂದ ವಾಸ್ಕೋಗೆ ಬಂದು ನೆಲೆಸಿದ ಮೇಲೆ, ನೀರಾಟದ ವ್ಯಾಪಾರ ನಿಲ್ಲಿಸುತ್ತಿದ್ದವರೊಬ್ಬರಿಂದ ಕೊಂಡದ್ದು. ಭಾನುವಾರ ಭರತಿ ನೋಡಿಕೊಂಡು ಜುವಾರಿ ನದಿಗೆ ಇಳಿಯುತ್ತೇವೆ: ನಾನು, ಹೆಂಡತಿ, ಮಗಳು, ಕೆಲವೊಮ್ಮೆ ಅತ್ತೆ. ಕೊರ್ಟಾಲಿಮ್ ಕಡೆ ಸಿಗಡಿ ಚುಚ್ಚಿ ಗಾಳ ಬಿಟ್ಟರೆ ಕಾಣೆ ಸಿಗುತ್ತದೆ, ಇಲ್ಲಿಯವರು ಅದನ್ನು ಮುಡದುಶಿ ಅನ್ನುತ್ತಾರೆ. ಅದೃಷ್ಟವಿದ್ದರೆ ಒಂದು ಚೊಣಕವೂ ಬೀಳುತ್ತದೆ. ಗೋವಾದಲ್ಲಿ ಮರದ ದೋಣಿ, ಫೈಬರ್ ದೋಣಿ ರಿಪೇರಿ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಯೂಮಿನಿಯಂ ದೋಣಿ ಕಡಿಮೆ, ಅದನ್ನು ಬಲ್ಲವರೂ ಕಡಿಮೆ. ನಾವು ತೋರಿಸಿದವರು ಒಳ್ಳೆಯ ಮನಸ್ಸಿನಿಂದಲೇ ಫೈಬರ್ ಬಟ್ಟೆ ಇಟ್ಟು ರಾಳ ಬಳಿದುಕೊಟ್ಟರು. ತಿಂಗಳಾಗುವಷ್ಟರಲ್ಲಿ ಅದು ಹಪ್ಪಳದ ಹಾಗೆ ಎದ್ದು ಬಂತು. ಹಾಗಾಗಿ ಇಂಥ ದೋಣಿ ಇಟ್ಟುಕೊಂಡವರು ತಾವೇ ಹುಡುಕಿಕೊಳ್ಳಬೇಕಾಗುತ್ತದೆ. ನಾವು ಹುಡುಕಿದ ಬಗೆಯನ್ನು ಬರೆಯುತ್ತಿದ್ದೇನೆ, ತಪ್ಪಿದ ಕಡೆಗಳನ್ನೂ ಸೇರಿಸಿ.

ಮೊದಲು ಅಳತೆ

ಸೀಲಂಟ್ ಟ್ಯೂಬು ಕೈಗೆ ತೆಗೆದುಕೊಳ್ಳುವ ಮೊದಲು ಒಂದು ಲೀಟರಿನ ಮಗ್ಗು, ಒಂದು ಸ್ಪಂಜು, ಒಂದು ನೋಟುಪುಸ್ತಕ ತೆಗೆದುಕೊಳ್ಳಿ. ದೋಣಿಯನ್ನು ಪೂರ್ತಿ ಒರೆಸಿ ಒಣಗಿಸಿ, ನೀರಿಗಿಳಿಸಿ, ಲಂಗರು ಹಾಕಿ ಒಂದು ಗಂಟೆ ಕೂತುಕೊಳ್ಳಿ. ಆಮೇಲೆ ಒಳಗಿನ ನೀರನ್ನು ಮಗ್ಗಿನಿಂದ ಎಣಿಸುತ್ತ ಹೊರಹಾಕಿ. ಉಳಿದದ್ದನ್ನು ಸ್ಪಂಜಿನಿಂದ ಹೀರಿ ಮಗ್ಗಿಗೆ ಹಿಂಡಿ. ನಮ್ಮಲ್ಲಿ ಎಣಿಕೆಯ ಕೆಲಸ ಮಗಳದ್ದು. ನಾಲ್ವರೂ ಕೂತ ದಿನ ಅವಳು ಬರೆದದ್ದು: ಒಂದು ಗಂಟೆ, 11 ಮಗ್ಗು.

ಈ ಸಂಖ್ಯೆಗೆ ಬೆಲೆ ಇದೆ. ನೀರಿನ ಮಟ್ಟದಿಂದ 15 ಸೆಂಟಿಮೀಟರ್ ಕೆಳಗೆ 1 ಮಿಲಿಮೀಟರ್ ಅಗಲದ ತೂತಿದ್ದರೆ ಗಂಟೆಗೆ ಹೆಚ್ಚುಕಡಿಮೆ 3 ಲೀಟರ್ ಒಳಬರುತ್ತದೆ. 2 ಮಿಲಿಮೀಟರಿನದಾದರೆ 11–12 ಲೀಟರ್, 3 ಮಿಲಿಮೀಟರಿನದಾದರೆ 25 ಲೀಟರ್ ಆಸುಪಾಸು. ತೂತಿನ ಅಗಲ ಎರಡು ಪಟ್ಟಾದರೆ ನೀರು ನಾಲ್ಕು ಪಟ್ಟಾಗುತ್ತದೆ. ನಿಮ್ಮ ಮಗ್ಗಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟರೆ ಎಷ್ಟು ದೊಡ್ಡದನ್ನು ಹುಡುಕುತ್ತಿದ್ದೀರಿ ಅನ್ನುವುದು ಗೊತ್ತಾಗುತ್ತದೆ. ಮುಖ್ಯವಾಗಿ, ಸಿಕ್ಕಿದ ತೂತು ಇಷ್ಟು ನೀರಿಗೆ ಸಾಲುತ್ತದೆಯೇ ಅಂತ ಆಮೇಲೆ ತಾಳೆ ನೋಡಬಹುದು. ನಾವು ಬಚಾವಾದದ್ದು ಈ ತಾಳೆಯಿಂದಲೇ.

ನೀರು ಯಾವಾಗ ಬರುತ್ತದೆ?

ದೋಣಿ ದಡದಲ್ಲಿ ನಿಂತಿದ್ದಾಗಲೇ ನೀರು ತುಂಬಿದ್ದರೆ ಅದು ಮಳೆ, ಬೇರೇನಲ್ಲ. ಬೆರಳಿಗೆ ಹಚ್ಚಿ ನಾಲಿಗೆಗೆ ಮುಟ್ಟಿಸಿದರೆ ಉಪ್ಪಿಲ್ಲದ್ದು ತಿಳಿಯುತ್ತದೆ. ಆದರೆ ಮಳೆಗಾಲದಲ್ಲಿ ನದಿಯ ನೀರೇ ಸಿಹಿಯಾಗುವುದರಿಂದ ಈ ಪರೀಕ್ಷೆ ಬೇಸಿಗೆಗೆ ಮಾತ್ರ.

ಮೋಟರ್ ಓಡಿಸಿದಾಗ ಮಾತ್ರ ನೀರು ಬಂದು, ಲಂಗರು ಹಾಕಿ ನಿಂತಾಗ ಬರದಿದ್ದರೆ ಎರಡು ಕಡೆ ನೋಡಿ. ಒಂದು, ಅಲೆಯ ಸಿಂಚನ ಮೇಲಿಂದ ಒಳಬೀಳುತ್ತಿರಬಹುದು. ಇನ್ನೊಂದು, ಅಲೆ ಬಡಿದಾಗ ತಗಡು ಬಾಗಿ, ಸಡಿಲವಾದ ರಿವೆಟ್ಟುಗಳು ಬಾಯಿ ಬಿಡುತ್ತಿರಬಹುದು.

ನಿಂತಾಗಲೂ ಬಂದರೆ ನೀರಿನ ಮಟ್ಟದ ಕೆಳಗೆ ಎಲ್ಲೋ ತೂತಿದೆ ಎಂದೇ ಲೆಕ್ಕ. ಮೊದಲು ಹಿಂಬದಿಯ ಬಿರಡೆ, ಅಂದರೆ ಒಳಗಿನ ನೀರು ಬಸಿಯಲು ತೆಗೆಯುವ ಮುಚ್ಚಳ, ನೋಡಿ. ಅದರ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಸುಮ್ಮನೆ ಬದಲಾಯಿಸಿ. ಬಿರಡೆಯ ಸುತ್ತಿನ ಬಳೆ ಹಿತ್ತಾಳೆಯದಾಗಿದ್ದರೆ ಅದರ ಅಂಚಿನಲ್ಲಿ ಬಿಳಿ ಪುಡಿ ಎದ್ದಿದೆಯೇ ನೋಡಿ. ಎದ್ದಿದ್ದರೆ ಬಳೆಯ ಹಿಂದಿನ ತಗಡು ತಿಂದುಹೋಗಿರುತ್ತದೆ.

ನಮ್ಮ ಹಾಗೆ ಜನ ಹೆಚ್ಚಾದಾಗ ಮಾತ್ರ ಬಂದರೆ? ನಾನು ಮಾಡಿದ ಊಹೆ ಹೀಗಿತ್ತು: ಭಾರಕ್ಕೆ ದೋಣಿ ತಗ್ಗುತ್ತದೆ, ಮೇಲಿದ್ದ ತೂತು ಮುಳುಗುತ್ತದೆ. ಅಳೆದು ನೋಡಿದೆ. ನಾಲ್ಕು ಜನ, ಐಸ್ ಪೆಟ್ಟಿಗೆ ಸೇರಿದರೆ ನಮ್ಮ ದೋಣಿ ಐದು ಸೆಂಟಿಮೀಟರ್ ತಗ್ಗುತ್ತದೆ. ಹಿಂಬದಿ ಹಲಗೆಯಲ್ಲಿ ಮೋಟರಿನ ಬೋಲ್ಟುಗಳು ಆ ಐದು ಸೆಂಟಿಮೀಟರಿನ ಒಳಗೇ ಇದ್ದವು. ಅಲ್ಲಿಗೆ ನನ್ನ ತಲೆ ನಿಂತುಬಿಟ್ಟಿತು. ಬೋಲ್ಟು ಬಿಚ್ಚಿ, ಸೀಲಂಟ್ ಹಾಕಿ, ಮತ್ತೆ ಬಿಗಿದೆ. ಮುಂದಿನ ವಾರ ಮಗಳ ಪುಸ್ತಕದಲ್ಲಿ ಮತ್ತೆ 11.

ನೆಲದ ಮೇಲಿನ ಪರೀಕ್ಷೆ

ದೋಣಿಯನ್ನು ಟ್ರೇಲರ್ ಮೇಲೆ ಮಟ್ಟವಾಗಿ ನಿಲ್ಲಿಸಿ, ಒಳಗೆ ನೀರು ತುಂಬಿ, ಹೊರಗಡೆ ಎಲ್ಲಿ ತೊಟ್ಟಿಕ್ಕುತ್ತದೆ ನೋಡುವುದು. ವಿಧಾನ ಇಷ್ಟೇ, ಆದರೆ ಎಚ್ಚರ ಬೇಕು. ನೀರು ಲೀಟರಿಗೆ ಒಂದು ಕಿಲೋ ತೂಗುತ್ತದೆ. 200 ಲೀಟರ್ ತುಂಬಿಸಿದರೆ 200 ಕಿಲೋ. ನದಿಯಲ್ಲಿ ದೋಣಿಯನ್ನು ಹೊರಗಿನ ನೀರು ಹೊರುತ್ತದೆ, ಇಲ್ಲಿ ಹೊರುವುದು ಟ್ರೇಲರಿನ ಎರಡು ಪಟ್ಟಿ ಮಾತ್ರ. ಹಳೆಯ ಟೈರುಗಳನ್ನು ತಳಕ್ಕೆ ಒತ್ತಾಗಿ ಕೊಟ್ಟು, ಅತಿ ಆಳವಿರುವ ಕಡೆ ಒಂದು ಗೇಣಿಗಿಂತ ಹೆಚ್ಚು ತುಂಬಿಸಬೇಡಿ. ನೀರಿಗೆ ಬಟ್ಟೆಗೆ ಹಾಕುವ ನೀಲಿ ನಾಲ್ಕು ಹನಿ ಬೆರೆಸಿ. ಹೊರಗಿನ ತಳವನ್ನು ಒರೆಸಿ, ರಿವೆಟ್ ಸಾಲುಗಳ ಮೇಲೂ ತಗಡು ಕೂಡುವ ಕಡೆಯೂ ಸೀಮೆಸುಣ್ಣ ಉಜ್ಜಿ. ಒಂದೇ ಒಂದು ಹನಿ ಜಿನುಗಿದರೂ ಸುಣ್ಣ ಕಪ್ಪಗಾಗುತ್ತದೆ.

ಹನಿ ಬೀಳುವ ಜಾಗಕ್ಕೆ ಗುರುತು ಹಾಕಬೇಡಿ. ನೀರು ತಗಡಿಗೆ ಅಂಟಿಕೊಂಡು ತಗ್ಗಿನ ಕಡೆಗೆ ಹರಿದು, ಅಲ್ಲಿಂದ ಬೀಳುತ್ತದೆ. ಒದ್ದೆ ಗೆರೆಯನ್ನು ಬೆರಳಿನಿಂದ ಹಿಂಬಾಲಿಸಿಕೊಂಡು ಮೇಲಕ್ಕೆ ಹೋಗಿ, ಅದು ಶುರುವಾಗುವ ಕಡೆ ಗುರುತು ಹಾಕಿ. ಗುರುತಿಗೆ ಮಾರ್ಕರ್ ಬಳಸಿ, ಪೆನ್ಸಿಲ್ ಖಂಡಿತ ಬೇಡ. ಪೆನ್ಸಿಲ್ಲಿನ ಗ್ರಾಫೈಟ್ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಜತೆ ಸೇರಿದರೆ ಗೆರೆ ಎಳೆದ ಕಡೆಯೇ ಲೋಹ ತಿನ್ನಲು ಶುರುವಾಗುತ್ತದೆ.

ನಮಗೆ ನಾಲ್ಕು ರಿವೆಟ್ಟುಗಳು ಸಿಕ್ಕವು. ಸಡಿಲವಾದ ರಿವೆಟ್ಟನ್ನು ನೀರಿಲ್ಲದೆಯೂ ಗುರುತಿಸಬಹುದು. ತಲೆಯ ಸುತ್ತ ಕಾಡಿಗೆಯಂಥ ಕಪ್ಪು ಉಂಗುರವೋ ಹಿಂದಕ್ಕೆ ಎಳೆದಂಥ ಕಪ್ಪು ಗೆರೆಯೋ ಇರುತ್ತದೆ. ಅದು ರಿವೆಟ್ ಅಲುಗಾಡಿ ಸವೆದ ಅಲ್ಯೂಮಿನಿಯಂ ಪುಡಿ. ಹೊರಗಿನಿಂದ ಅದರ ಮೇಲೆ ಹೆಬ್ಬೆರಳಿಟ್ಟು, ಒಳಗಿನಿಂದ ಇನ್ನೊಬ್ಬರು ಮೆಲ್ಲಗೆ ತಟ್ಟಿದರೆ ಅಲುಗು ಬೆರಳಿಗೆ ತಿಳಿಯುತ್ತದೆ.

ಇಂಥ ರಿವೆಟ್ ಬಿಗಿ ಮಾಡಲು ಇಬ್ಬರು ಬೇಕು. ಒಬ್ಬರು ಒಳಗೆ ರಿವೆಟ್ಟಿನ ಬಾಲಕ್ಕೆ ಭಾರವಾದ ಉಕ್ಕಿನ ತುಂಡನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ತಲೆಯ ಮೇಲೆ ಸಣ್ಣ ಸಣ್ಣ ಏಟು ಕೊಡಬೇಕು. ನಮ್ಮ ಭಾಮೈದ ಒಳಗೆ ಕೂತಿದ್ದ. ಐದನೇ ಏಟಿಗೆ, "ಭಾವಾ, ಸಾಕು, ಸದ್ದು ಬದಲಾಯ್ತು" ಅಂದ. ಅವನು ಹೇಳಿದ್ದು ಸರಿಯಾಗಿತ್ತು. ಸಡಿಲ ರಿವೆಟ್ಟಿನ ಸದ್ದು ಒಡಕು, ಬಿಗಿಯಾದದ್ದರ ಸದ್ದು ಗಟ್ಟಿ. ಅದಕ್ಕಿಂತ ಹೆಚ್ಚು ಹೊಡೆದರೆ ತಲೆ ಚಪ್ಪಟೆಯಾಗಿ ಸುತ್ತಿನ ತಗಡು ಸೀಳುತ್ತದೆ. ಪೂರ್ತಿ ಸವೆದ ರಿವೆಟ್ ತೆಗೆದು ಹೊಸದು ಹಾಕುವುದಾದರೆ ತುದಿ ಮುಚ್ಚಿದ ಅಲ್ಯೂಮಿನಿಯಂ ರಿವೆಟ್ ಕೇಳಿ ತನ್ನಿ. ಮಾಮೂಲಿ ಪಾಪ್ ರಿವೆಟ್ಟಿನ ನಡುವೆ ತೆರೆದ ದಾರಿ ಇರುತ್ತದೆ, ಒಳಗುಳಿಯುವ ಉಕ್ಕಿನ ಕಡ್ಡಿ ತುಕ್ಕು ಹಿಡಿಯುತ್ತದೆ.

ತಾಳೆಯಾಗದ ಲೆಕ್ಕ

ನಾಲ್ಕು ರಿವೆಟ್ ಬಿಗಿದ ಸಂಭ್ರಮದಲ್ಲಿ ಕೆಲಸ ಮುಗಿಯಿತು ಅಂದುಕೊಂಡಿದ್ದೆವು. ಹೆಂಡತಿ ಮಗಳ ಪುಸ್ತಕ ತಿರುವುತ್ತಿದ್ದಳು. "ರೀ, ಆ ರಿವೆಟ್‌ನಿಂದ ಎಷ್ಟು ಹನಿ ಬೀಳ್ತಿತ್ತು?" ಅಂತ ಕೇಳಿದಳು. ಅತಿ ಜೋರಾಗಿದ್ದದ್ದರಲ್ಲಿ ಸೆಕೆಂಡಿಗೊಂದು ಹನಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್ ಅಂತ ಹಿಡಿದರೆ ಗಂಟೆಗೆ 180 ಮಿಲಿಲೀಟರ್. ನಾಲ್ಕೂ ಸೇರಿ ಮುಕ್ಕಾಲು ಲೀಟರೂ ಆಗುವುದಿಲ್ಲ. ನದಿಯಲ್ಲಿ ಬಂದದ್ದು 11 ಲೀಟರ್. ಹತ್ತು ಲೀಟರಿಗೂ ಹೆಚ್ಚು ನೀರಿನ ದಾರಿ ನಮಗೆ ಇನ್ನೂ ಕಂಡೇ ಇರಲಿಲ್ಲ.

ಒಳಗೆ ನೀರು ತುಂಬಿದಾಗ ಹೊರಗೆ ಬಾರದ ತೂತು, ಹೊರಗೆ ನೀರಿದ್ದಾಗ ಮಾತ್ರ ಒಳಗೆ ಬಿಡುತ್ತಿತ್ತು. ಇದು ಆಗುವುದುಂಟು. ತೂತಿನ ಒಳಬಾಯಿಯ ಮೇಲೆ ಕೆಸರೋ ಚಿಂದಿಯೋ ಕೂತಿದ್ದರೆ, ಒಳಗಿನ ನೀರಿನ ಭಾರ ಅದನ್ನು ತೂತಿಗೆ ಒತ್ತಿ ಮುಚ್ಚುತ್ತದೆ. ನದಿಯಲ್ಲಿ ಹೊರಗಿನ ಒತ್ತಡ ಅದನ್ನೇ ಎತ್ತಿ ದಾರಿ ಮಾಡಿಕೊಳ್ಳುತ್ತದೆ. ಹಾಗಾಗಿ ನೆಲದ ಪರೀಕ್ಷೆಗೆ ಮೊದಲು ತಳವನ್ನು ಮೂಲೆ ಮೂಲೆಯೂ ಬಿಡದೆ ತೊಳೆದಿರಬೇಕು. ನಾವು ಹಲಗೆ ತೆಗೆದು ನಡುಭಾಗ ತೊಳೆದಿದ್ದೆವು. ಮೂತಿಯಲ್ಲಿ ರಿವೆಟ್ ಹೊಡೆದು ಮುಚ್ಚಿದ ಸಣ್ಣ ಅಟ್ಟದ ಕೆಳಗೆ ಕೈ ಹಾಕಿರಲಿಲ್ಲ.

ಜಾಗ ಬದಲಿಸುವ ಪರೀಕ್ಷೆ

ಇದನ್ನು ನಾವು ಮೊದಲೇ ಮಾಡಬೇಕಿತ್ತು. ಖರ್ಚಿಲ್ಲ, ಸಲಕರಣೆ ಬೇಡ. ದಡದ ಹತ್ತಿರ ನಿಂತ ನೀರಿನಲ್ಲಿ, ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿ, ಕೂರುವ ಜಾಗವನ್ನಷ್ಟೇ ಬದಲಾಯಿಸುತ್ತ ಪ್ರತಿ ಸಲ ಹದಿನೈದು ನಿಮಿಷದ ನೀರು ಅಳೆಯುವುದು. ಭಾರ ಅಷ್ಟೇ ಇರುತ್ತದೆ, ದೋಣಿಯ ವಾಲು ಮಾತ್ರ ಬದಲಾಗುತ್ತದೆ.

ಮಗಳು, ಅತ್ತೆ ಮುಂದೆ ಕೂತಾಗ ಮೂರು ಮಗ್ಗಿಗೆ ಸ್ವಲ್ಪ ಕಡಿಮೆ. ಅದೇ ಇಬ್ಬರು ಹಿಂದಕ್ಕೆ ಬಂದು ನನ್ನ ಹತ್ತಿರ ಕೂತಾಗ ಸ್ಪಂಜು ಒದ್ದೆಯಾಗುವಷ್ಟು ಮಾತ್ರ.

ನಾನು ಭಾರ ಭಾರ ಅಂದುಕೊಂಡು ಹಿಂಬದಿಯ ಬೋಲ್ಟು ಬಿಚ್ಚುತ್ತಿದ್ದೆ. ತೂತು ಮುಂದಿತ್ತು. ಒಬ್ಬನೇ ಹೋದಾಗ ನಾನು ಮೋಟರಿನ ಪಕ್ಕ ಕೂರುತ್ತೇನೆ, ಮೂತಿ ಮೇಲೇಳುತ್ತದೆ, ತೂತು ನೀರಿನಿಂದ ಹೊರಗೆ ಬರುತ್ತದೆ. ಓಡಿಸುವಾಗಲೂ ಅಷ್ಟೇ. ಮನೆಯವರು ಬಂದರೆ ಮಗಳಿಗೆ ಮುಂದೆಯೇ ಕೂರಬೇಕು, ಹಾರುವ ಮೀನು ಅಲ್ಲಿಂದ ಚೆನ್ನಾಗಿ ಕಾಣುತ್ತದಂತೆ. ಅವಳ ಜತೆಗೆ ಅಜ್ಜಿ.

ಮನೆಗೆ ಬಂದು ಅಟ್ಟದ ರಿವೆಟ್ಟುಗಳನ್ನು ಡ್ರಿಲ್ಲಿನಿಂದ ತೆಗೆದೆವು. ಕೆಳಗೆ ಬೆರಳುದ್ದದ ಕಪ್ಪು ಕೆಸರು. ಅದನ್ನು ಮರದ ಸೌಟಿನಿಂದ ಎಬ್ಬಿಸಿದಾಗ ಕೊಳೆತ ಕೆಂಪು ಬಟ್ಟೆಯ ಚೂರು ಬಂತು, ಅದರ ಅಡಿ ತಗಡಿಗೆ ಕಚ್ಚಿಕೊಂಡ ಒಂದು ನಾಣ್ಯ. ನಡುವೆ ದೊಡ್ಡ ತೂತಿರುವ ಹಳೆಯ ಕಾಸು, 1940ರ ದಶಕದಲ್ಲಿ ಟಂಕಿಸಿದ ಕಂಚಿನದು. ಅದರ ಸುತ್ತ ಬಿಳಿಯ ಪುಡಿ, ಒದ್ದೆಯಾದ ಸುಣ್ಣದ ಹಾಗೆ. ಪುಡಿ ಒರೆಸಿದರೆ ಕಾಸಿನ ಅಂಚಿನ ಆಕಾರಕ್ಕೆ ಸರಿಯಾಗಿ ತಗಡು ಗುಳಿ ಬಿದ್ದಿತ್ತು. ಒಂದು ಗುಳಿ ಆಚೆಗೆ ಹೋಗಿತ್ತು, ಮಗಳ ಕಂಪಾಸಿನ ಮುಳ್ಳು ಆರಾಮವಾಗಿ ದಾಟುವಷ್ಟು. ಎರಡು ಮಿಲಿಮೀಟರ್ ಇರಬಹುದು. ಮಗ್ಗಿನ ಲೆಕ್ಕ ತಾಳೆಯಾಯಿತು.

ಅತ್ತೆ ತುಂಬ ಹೊತ್ತು ಆ ಕಾಸನ್ನು ಕೈಯಲ್ಲಿ ಹಿಡಿದುಕೊಂಡಿದ್ದರು. ದೋಣಿ ಕೊಂಡ ವರ್ಷದ ಆಯುಧಪೂಜೆಗೆ ಅವರೇ ಕೆಂಪು ಬಟ್ಟೆಯಲ್ಲಿ ಸುತ್ತಿ ಮೂತಿಯಲ್ಲಿಟ್ಟದ್ದು. ಅವರ ತಾಯಿ ಕೊಟ್ಟ ಕಾಸು. "ಮಕ್ಕಳು ಕೂರೋ ದೋಣಿ ಅಂತ ಇಟ್ಟಿದ್ದೆ" ಅಂದರು. ಕಾಸು ಈಗ ದೇವರ ಕೋಣೆಯಲ್ಲಿದೆ. ದೋಣಿಗೆ ಪೂಜೆ ಈಗಲೂ ಮಾಡುತ್ತೇವೆ, ಮುಗಿದ ಮೇಲೆ ಹೂವು, ನಿಂಬೆಹಣ್ಣು, ಕುಂಕುಮ ಎಲ್ಲ ತೆಗೆದು ಅಂದೇ ತೊಳೆದುಬಿಡುತ್ತೇವೆ.

ಹೀಗೇಕಾಯಿತು?

ತಾಮ್ರವೋ ಹಿತ್ತಾಳೆಯೋ ಕಂಚೋ ಅಲ್ಯೂಮಿನಿಯಮ್ಮಿಗೆ ತಾಗಿಕೊಂಡು ಉಪ್ಪುನೀರಿನಲ್ಲಿ ಕೂತರೆ ಅದೊಂದು ಸಣ್ಣ ಬ್ಯಾಟರಿ ಆಗುತ್ತದೆ. ಕರಗುವುದು ಯಾವಾಗಲೂ ಅಲ್ಯೂಮಿನಿಯಮ್ಮೇ, ತಾಮ್ರಕ್ಕೆ ಏನೂ ಆಗುವುದಿಲ್ಲ. ಜತೆಗೆ ಒದ್ದೆ ಬಟ್ಟೆ, ಕೆಸರು ಇದ್ದರೆ ಆ ಜಾಗ ಒಣಗುವುದೇ ಇಲ್ಲ. ಅಲ್ಯೂಮಿನಿಯಮ್ಮನ್ನು ಕಾಯುವುದು ಅದರ ಮೈಮೇಲಿನ ತೆಳುವಾದ ಆಕ್ಸೈಡ್ ಪೊರೆ. ಗಾಳಿಯಾಡದ ಒದ್ದೆಯಲ್ಲಿ ಆ ಪೊರೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಈ ಅಳತೆಯ ದೋಣಿಗಳ ತಗಡು ಒಂದೂವರೆ ಮಿಲಿಮೀಟರಿನ ಆಸುಪಾಸಿನದು. ಕೆಲವು ಬೇಸಿಗೆ ಸಾಕು.

ಗಾಳ ಹಾಕುವವರ ದೋಣಿಯಲ್ಲಿ ಇಂಥ ವಸ್ತುಗಳು ಬಹಳ. ಹಲಗೆಯ ಸಂದಿಗೆ ಬಿದ್ದ ಸೀಸದ ಗುಂಡು, ಗಾಳದ ದಾರ ಹುರಿಗೊಳ್ಳದಂತೆ ಹಾಕುವ ಹಿತ್ತಾಳೆಯ ಸ್ವಿವೆಲ್, ತಾಮ್ರದ ತಂತಿಯ ಚೂರು. ಸೀಸನ್ನಿಗೆ ಎರಡು ಸಲವಾದರೂ ಹಲಗೆ ಎತ್ತಿ ಬೆರಳಾಡಿಸಿ ಹೆಕ್ಕಿ.

ಮುಚ್ಚಿದ ಬಗೆ

ಗುಳಿಬಿದ್ದ ಜಾಗವನ್ನು ಸ್ಟೇನ್‌ಲೆಸ್ ಬ್ರಷ್ಷಿನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿದೆವು. ಸಾಧಾರಣ ಕಬ್ಬಿಣದ ಬ್ರಷ್ ಬೇಡ, ಅದರ ಕಣಗಳು ತಗಡಿನಲ್ಲಿ ಹೂತು ಹೊಸ ಗುಳಿಗೆ ಬೀಜವಾಗುತ್ತವೆ. ಅಸಿಟೋನಿನಿಂದ ಒರೆಸಿ, ಒಳಗಡೆಯಿಂದ ಅಂಗೈಯಗಲದ ಅಲ್ಯೂಮಿನಿಯಂ ತೇಪೆ ಇಟ್ಟೆವು. ಸಮುದ್ರದ ಕೆಲಸಕ್ಕೆ ಬರುವ 5052 ದರ್ಜೆಯ ತಗಡು ಅಂತ ಕೇಳಿ ತನ್ನಿ, ಗುಜರಿಯ ಯಾವುದೋ ತಗಡು ಬೇಡ. ಮೂಲೆಗಳನ್ನು ಗುಂಡಗೆ ಕತ್ತರಿಸಿ, ತೇಪೆಯಡಿ ಪೂರ್ತಿ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, ಸುತ್ತ ತುದಿ ಮುಚ್ಚಿದ ರಿವೆಟ್ ಹೊಡೆದೆವು. ವಿನೆಗರ್ ವಾಸನೆ ಬರುವ ಬಾತ್‌ರೂಮ್ ಸಿಲಿಕೋನ್ ಬಳಸಬೇಡಿ. ಅದು ಒಣಗುವಾಗ ಬಿಡುವ ಆಮ್ಲ ಅಲ್ಯೂಮಿನಿಯಮ್ಮಿಗೆ ಆಗದು.

ಸೂಜಿಮೊನೆಯಷ್ಟು ಚಿಕ್ಕ ಗುಳಿಗಳಿಗೆ ಎಪಾಕ್ಸಿ ಸಾಕು. ಆದರೆ ಒಂದು ಉಪಾಯ ಬೇಕು. ಉಜ್ಜಿದ ಕೆಲ ಕ್ಷಣಗಳಲ್ಲೇ ಆಕ್ಸೈಡ್ ಪೊರೆ ಮತ್ತೆ ಕೂರುತ್ತದೆ, ಎಪಾಕ್ಸಿ ಪೊರೆಗೆ ಅಂಟಿ ಅದರೊಂದಿಗೇ ಎದ್ದು ಬರುತ್ತದೆ. ಅದಕ್ಕೇ ಎಪಾಕ್ಸಿ ಹಚ್ಚಿ, ಅದು ಹಸಿಯಿರುವಾಗಲೇ ಅದರ ಮೇಲೆ ಸ್ಯಾಂಡ್ ಪೇಪರ್ ಉಜ್ಜಿ, ಮತ್ತೊಂದು ಪದರ ಹಚ್ಚಬೇಕು. ನಮ್ಮ ಫೈಬರ್ ರಾಳ ಹಪ್ಪಳವಾಗಿ ಎದ್ದದ್ದು ಈ ಕಾರಣಕ್ಕೇ.

ವೆಲ್ಡಿಂಗ್ ಮಾಡಿಸುವುದಾದರೆ ತೆಳು ಅಲ್ಯೂಮಿನಿಯಂ ಮೇಲೆ ಕೈ ಪಳಗಿದವರೇ ಬೇಕು. ಅದಕ್ಕೂ ಮೊದಲು ಪಕ್ಕದ ಸೀಟಿನೊಳಗಿನ ಫೋಮ್ ತೆಗೆಯಲೇಬೇಕು. ಅದು ಸುಟ್ಟರೆ ಹೊರಡುವ ಹೊಗೆ ವಿಷ.

ಇನ್ನು ಕೆಲವು

ಆ ಫೋಮ್ ವಿಷಯ. ದೋಣಿ ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿದೆ ಅನ್ನಿಸಿದರೆ ಸೀಟಿನ ಕೆಳಗಿನ ಫೋಮ್ ನೀರು ಕುಡಿದಿರಬಹುದು. ಒಂದು ತುಂಡು ಕತ್ತರಿಸಿ ಹಿಂಡಿ ನೋಡಿ. ಒದ್ದೆಯಾಗಿದ್ದರೆ ತೆಗೆಯಿರಿ, ಆದರೆ ಖಾಲಿ ಬಿಡಬೇಡಿ. ದೋಣಿ ತುಂಬಿದರೂ ಮುಳುಗದಂತೆ ಹಿಡಿಯುವುದು ಅದೇ. ಮಕ್ಕಳನ್ನು ಕೂರಿಸುವ ದೋಣಿಯಲ್ಲಿ ಇದಕ್ಕಿಂತ ದೊಡ್ಡ ವಿಷಯ ಇಲ್ಲ.

ತಳಕ್ಕೆ ಪಾಚಿ, ಕಪ್ಪೆಚಿಪ್ಪು ಹತ್ತದಿರಲು ಮರದ ದೋಣಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರ ಇರುತ್ತದೆ. ಅಲ್ಯೂಮಿನಿಯಂ ಮೇಲೆ ಅದನ್ನು ಬಳಿಯುವುದು ದೋಣಿಗೆಲ್ಲ ಕಾಸು ಅಂಟಿಸಿದ ಹಾಗೆ. ದೋಣಿಯನ್ನು ನೀರಿನಲ್ಲೇ ಬಿಡುವವರು ಬಲಿಲೋಹದ (ದೋಣಿಯ ತಗಡಿನ ಬದಲು ತಾನೇ ಕರಗುವ ಲೋಹ) ತುಂಡು ಕಟ್ಟಬೇಕು. ಜುವಾರಿಯಂಥ ಉಪ್ಪು-ಸಿಹಿ ಬೆರೆತ ನೀರಿಗೆ ಅಲ್ಯೂಮಿನಿಯಂ ಮಿಶ್ರಲೋಹದ್ದು ಒಳ್ಳೆಯದು. ಸತುವಿನದು ಸಿಹಿನೀರಿನಲ್ಲಿ ಪೊರೆ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಅದರ ಮೇಲೆ ಬಣ್ಣ ಬಳಿಯಬಾರದು.

ನಮ್ಮಲ್ಲಿ ಬ್ಯಾಟರಿ ಇರುವುದು ಪಂಪು, ದೀಪಕ್ಕೆ ಮಾತ್ರ, ಮೋಟರಿಗೆ ಅದರ ಸಂಬಂಧವಿಲ್ಲ. ಹಾಗಿದ್ದಲ್ಲಿ ಸಣ್ಣ ಟೆಸ್ಟ್ ಬಲ್ಬಿನ ಒಂದು ತುದಿಯನ್ನು ತಗಡಿಗೆ, ಇನ್ನೊಂದನ್ನು ಬ್ಯಾಟರಿಯ ಒಂದೊಂದು ತುದಿಗೆ ಮುಟ್ಟಿಸಿ. ಎರಡೂ ಸಲ ಹೊತ್ತಬಾರದು. ಹೊತ್ತಿದರೆ ಯಾವುದೋ ತಂತಿಯ ಸಿಪ್ಪೆ ಹೋಗಿ ತಗಡಿಗೆ ತಾಗಿದೆ. ಅದು ನಾಣ್ಯಕ್ಕಿಂತ ಬೇಗ ತಿನ್ನುತ್ತದೆ.

ಮಳೆಗಾಲದಲ್ಲಿ ದೋಣಿಯನ್ನು ಬೋರಲು ಹಾಕಿ. ಇಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು, ದೊಡ್ಡ ದೋಣಿಗಳೆಲ್ಲ ದಡ ಸೇರಿರುತ್ತವೆ, ನಮ್ಮದೂ ಅಷ್ಟೇ. ನೇರ ನಿಲ್ಲಿಸಿದ ದೋಣಿಯ ಮೇಲೆ ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ, ಈ ಅಳತೆಯದರಲ್ಲಿ ಅರ್ಧ ಟನ್ ನೀರು ನಿಲ್ಲುತ್ತದೆ. ಟ್ರೇಲರಿನ ಪಟ್ಟಿಯ ಮೇಲೆ ತಳ ಬಾಗಿ ರಿವೆಟ್ ಸಡಿಲವಾಗುವುದು ಹೀಗೆಯೇ. ನಮ್ಮ ನಾಲ್ಕು ರಿವೆಟ್ಟುಗಳೂ ಪಟ್ಟಿಯ ಮೇಲಿನ ಸಾಲಿನಲ್ಲೇ ಇದ್ದವು.

ತೇಪೆ ಹಾಕಿ ಒಂದು ವಾರ ಒಣಗಲು ಬಿಟ್ಟು ಮತ್ತೆ ಇಳಿಸಿದೆವು. ಅದೇ ನಾಲ್ಕು ಜನ, ಮಗಳೂ ಅತ್ತೆಯೂ ಮುಂದೆಯೇ. ಒಂದು ಗಂಟೆ ಲಂಗರು. ಮಗಳು ಸ್ಪಂಜು ಹಿಂಡಿ ಮಗ್ಗನ್ನು ಬೆಳಕಿಗೆ ಹಿಡಿದು ನೋಡಿ ಬರೆದಳು: ಕಾಲು ಮಗ್ಗು. ಅಷ್ಟನ್ನು ಲಂಗರಿನ ಒದ್ದೆ ಹಗ್ಗವೇ ತಂದಿತ್ತು. ಹಗ್ಗವನ್ನು ಬಕೆಟ್ಟಿನಲ್ಲಿ ಸುತ್ತಿಟ್ಟು ಇನ್ನೊಂದು ಗಂಟೆ ಕೂತೆವು. ಆ ಸಾಲಿನ ಮುಂದೆ ಅವಳು ಸೊನ್ನೆ ಬರೆದಿದ್ದಾಳೆ, ಅದರ ಪಕ್ಕ ಆ ದಿನ ಸಿಕ್ಕ ಮೂರು ಕಾಣೆ.